ಗೇರ್ ಬದಲಾಗುವ ಕ್ಷಣ: ಕುದುರೆಗೆ ನಡೆ ಕಲಿಸಿದ 2400 ವರ್ಷಗಳ ಕಥೆ

ವಿಡಿಯೊ ನೋಡೋಕೆ ಪುರಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಎಂದಿನಂತೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಹಾರಿಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಹೋದ ವರ್ಷ ಪುಣೆಯ ಹೊರಗಿನ ಒಂದು ರೈಡಿಂಗ್ ಶಾಲೆಗೆ ಎರಡು ತಿಂಗಳು ಶನಿವಾರ ಶನಿವಾರ ಹೋಗಿದ್ದೆ. ದಿನಾ ಹತ್ತು ಗಂಟೆ ಕುರ್ಚಿ ಮೇಲೆ ಕೂರುವ ಬೆನ್ನಿಗೆ ಏನಾದರೂ ಆಗಲಿ ಅಂತ. ಕುದುರೆ ನಡೆಯುವಾಗ ಆರಾಮಾಗಿದ್ದೆ. ಓಡುವಾಗಲೂ ಹೇಗೋ ಸುಧಾರಿಸಿಕೊಂಡೆ. ತೊಂದರೆ ಬಂದಿದ್ದು ಎರಡರ ನಡುವೆ. ನಡಿಗೆಯಿಂದ ಓಟಕ್ಕೆ ಹೋಗುವಾಗ ಹಿಂದಕ್ಕೆ ವಾಲಿ ಲಗಾಮು ಜಗ್ಗಿದೆ. ಓಟದಿಂದ ನಡಿಗೆಗೆ ಇಳಿಯುವಾಗ ಮುಂದಕ್ಕೆ ಬಿದ್ದು ಅದರ ಕುತ್ತಿಗೆ ತಬ್ಬಿಕೊಂಡೆ. ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ನಕ್ಕು ಹಿಂದಿಯಲ್ಲಿ ಹೇಳಿದರು: ಇಂಜಿನಿಯರ್ ಸಾಹೇಬರೇ, ಗೇರ್ ಬದಲಿಸುವಾಗ ಗೊತ್ತಾಗುತ್ತೆ ಡ್ರೈವರ್ ಎಂಥವನು ಅಂತ.

ಈ ಮಾತು ನಮಗೆ ಬೇಗ ಅರ್ಥವಾಗಬೇಕು. ಸಿಸ್ಟಂ ಒಂದೇ ಸಮ ಓಡುತ್ತಿರುವಾಗ ಯಾರಿಗೂ ಫೋನ್ ಬರಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಹೊಸ ರಿಲೀಸ್ ಹೋದಾಗ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಲೋಡ್ ತಿರುಗಿಸುವಾಗ. ಸ್ಥಿತಿ ಬದಲಾಗುವ ಆ ಕ್ಷಣವೇ ಪರೀಕ್ಷೆ. ಕುದುರೆಯ ವಿಷಯದಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಜನ ಇಪ್ಪತ್ತನಾಲ್ಕು ಶತಮಾನ ಕೆಲಸ ಮಾಡಿದ್ದಾರೆ. ಆ ಕೆಲಸದ ಹೆಸರು ಡ್ರೆಸ್ಸೇಜ್. ಫ್ರೆಂಚ್ ಪದ, ತರಬೇತಿ ಅನ್ನುವಷ್ಟೇ ಅರ್ಥ.

ಒಲಿಂಪಿಕ್ಸ್‌ನಲ್ಲಿ ನೀವು ನೋಡಿರಬಹುದು. 20 ಮೀಟರ್ ಅಗಲ, 60 ಮೀಟರ್ ಉದ್ದದ ಮರಳಿನ ಅಂಗಳ, ಅಂಚಿನಲ್ಲಿ ಅಕ್ಷರಗಳ ಫಲಕಗಳು, ಟೈಲ್‌ಕೋಟು ಹಾಕಿದ ಸವಾರ. ಜಿಗಿತ ಇಲ್ಲ, ರೇಸ್ ಇಲ್ಲ. ಕುದುರೆ ಸುಮ್ಮನೆ ನಡೆಯುತ್ತೆ, ಓಡುತ್ತೆ, ನಿಲ್ಲುತ್ತೆ. ಇದಕ್ಕೆ ಯಾಕೆ ಪದಕ ಕೊಡ್ತಾರೆ ಅಂತ ನನಗೂ ಅನ್ನಿಸಿತ್ತು.

ಎರಡೆಣಿಕೆ, ಮೂರೆಣಿಕೆ

ಕುದುರೆಗೆ ಮುಖ್ಯವಾಗಿ ಮೂರು ನಡೆ. ಮೊದಲನೆಯದು ವಾಕ್. ನಾಲ್ಕು ಕಾಲೂ ಒಂದೊಂದಾಗಿ ನೆಲ ಮುಟ್ಟುತ್ತವೆ, ಕಿವಿಗೊಟ್ಟರೆ ನಾಲ್ಕು ಪೆಟ್ಟು. ಎರಡನೆಯದು ಟ್ರಾಟ್. ಎಡ ಹಿಂಗಾಲು ಬಲ ಮುಂಗಾಲು ಜೋಡಿಯಾಗಿ, ಆಮೇಲೆ ಬಲ ಹಿಂಗಾಲು ಎಡ ಮುಂಗಾಲು ಜೋಡಿಯಾಗಿ. ಎರಡು ಪೆಟ್ಟು, ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಮೂರನೆಯದು ಕ್ಯಾಂಟರ್. ಮೂರು ಪೆಟ್ಟು, ಆಮೇಲೆ ಗಾಳಿಯಲ್ಲಿ ಒಂದು ಕ್ಷಣ. ಇದರ ವೇಗ ಇನ್ನೂ ಏರಿ ನಾಲ್ಕು ಪೆಟ್ಟಾಗಿ ಒಡೆದರೆ ಅದೇ ನಮ್ಮ ನಾಗಾಲೋಟ.

ಕಛೇರಿ ಕೇಳುವವರಿಗೆ ಬೇಗ ಹೊಳೆಯುತ್ತೆ. ಮೃದಂಗದವರು ಚತುರಶ್ರದಲ್ಲಿ ನುಡಿಸುತ್ತಾ ಇದ್ದಕ್ಕಿದ್ದಂತೆ ತಿಶ್ರಕ್ಕೆ ಹೋಗ್ತಾರಲ್ಲ, ಅದಕ್ಕೂ ನಾವು ನಡೆ ಅಂತಲೇ ಅನ್ನೋದು. ನಡೆ ಬದಲಾಗಬೇಕು, ಲಯ ಅಲ್ಲಾಡಬಾರದು. ಟ್ರಾಟ್‌ನಿಂದ ಕ್ಯಾಂಟರ್‌ಗೆ ಹೋಗುವ ಕುದುರೆ ಮಾಡಬೇಕಾದ್ದೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಏನಂದ್ರೆ ಇಲ್ಲಿ ವಾದ್ಯದ ತೂಕ ಐನೂರು ಕಿಲೋ, ಅದರ ಬೆನ್ನ ಮೇಲೆ ಇನ್ನೊಬ್ಬರು ಕೂತಿರ್ತಾರೆ.

ಈಗ ಸ್ವಲ್ಪ ಮೆಕ್ಯಾನಿಕ್ಸ್. ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತೆ. ತಲೆ, ಕುತ್ತಿಗೆ ಎಲ್ಲ ಮುಂದೇ ಇದೆಯಲ್ಲ. ಸವಾರ ಕೂತರೆ ಮುಂಭಾರ ಇನ್ನೂ ಹೆಚ್ಚು. ಆದರೆ ಮುಂಗಾಲು ಭಾರ ಹೊರುವ ಕಂಬ ಮಾತ್ರ, ತಳ್ಳುವ ಇಂಜಿನ್ ಇರೋದು ಹಿಂದೆ. ಕುದುರೆಗೆ ನಮ್ಮ ಹಾಗೆ ಕೊರಳೆಲುಬು ಕೂಡ ಇಲ್ಲ. ಮುಂಗಾಲು ಮೈಗೆ ಅಂಟಿಕೊಂಡಿರೋದು ಸ್ನಾಯುಗಳ ಜೋಲಿಯಲ್ಲಿ.

ಓಡುತ್ತಿರುವ ಕುದುರೆಯನ್ನು ಬಾಯಿಗೆ ಎಳೆದು ನಿಲ್ಲಿಸಿದರೆ ಆ ಭಾರವೆಲ್ಲ ಮುಂಗಾಲಿಗೆ ಬಂದು ಬೀಳುತ್ತೆ. ನಾನು ಕುತ್ತಿಗೆ ತಬ್ಬಿಕೊಂಡಿದ್ದು ಅದಕ್ಕೇ. ಸರಿಯಾಗಿ ಕೇಳಿದರೆ ಕುದುರೆ ಹಿಂಗಾಲನ್ನು ಹೊಟ್ಟೆಯ ಅಡಿಗೆ ತಂದು, ಸೊಂಟ ಮಂಡಿ ಬಾಗಿಸಿ, ಕೂರುವವರ ಹಾಗೆ ಭಾರವನ್ನು ಹಿಂದಕ್ಕೆ ತಗೊಳ್ಳುತ್ತೆ. ಜಿಮ್‌ನಲ್ಲಿ ಸ್ಕ್ವಾಟ್ ಹೊಡೆದ ಹಾಗೆ. ಒಂದು ನಡೆಯಿಂದ ಇನ್ನೊಂದಕ್ಕೆ ಏರುವುದು, ಇಳಿಯುವುದು, ಒಂದೇ ನಡೆಯೊಳಗೆ ಹೆಜ್ಜೆ ಉದ್ದ ಮಾಡಿ ಮತ್ತೆ ಗಿಡ್ಡ ಮಾಡುವುದು, ಇದನ್ನು ದಿನಾ ಹತ್ತಾರು ಸಲ ಸರಿಯಾಗಿ ಮಾಡಿದರೆ ಹಿಂಗಾಲು ಬಲವಾಗುತ್ತೆ, ಬೆನ್ನು ಮೇಲೇಳುತ್ತೆ, ಆಮೇಲೆ ನಡೆಯೇ ಬದಲಾಗುತ್ತೆ. ಟ್ರಾಟ್ ಚೆನ್ನಾಗಬೇಕಾದರೆ ಟ್ರಾಟನ್ನೇ ಗಂಟೆಗಟ್ಟಲೆ ಮಾಡಿಸಿದರೆ ಸಾಲದು, ಟ್ರಾಟ್‌ಗೆ ಹೋಗುವ, ಅಲ್ಲಿಂದ ಬರುವ ದಾರಿಯನ್ನು ತಿದ್ದಬೇಕು.

ನಡೆಗಳಿಗೆ ಹೆಸರಿಟ್ಟವರು ಯುರೋಪಿನವರು ಮಾತ್ರ ಅಲ್ಲ. ನಮ್ಮ ಅಮರಕೋಶದಲ್ಲಿ ಕುದುರೆಯ ಐದು ಗತಿಗಳಿವೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿ ವಿನೋದ ಅಂತ ಕುದುರೆ ಸವಾರಿಗೇ ಒಂದು ಭಾಗ ಇದೆ. ಆ ಕಲ್ಯಾಣ ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹೈದರಾಬಾದಿನಲ್ಲಿರುವ ನಮ್ಮ ಕೇಳುಗರು ಒಂದು ಭಾನುವಾರ ಹೋಗಿ ಬರಬಹುದು. ಅದಕ್ಕೆ ಬೇರೆಯೇ ಸಂಚಿಕೆ ಬೇಕು. ಇವತ್ತು ಡ್ರೆಸ್ಸೇಜ್ ಬೆಳೆದ ದಾರಿ ಹಿಡಿದು ಹೋಗೋಣ.

ರಿಕಾಪೇ ಇಲ್ಲದ ಕಾಲ

ಕ್ಸೆನೊಫೋನ್ ಅಥೆನ್ಸ್‌ನವನು, ಸಾಕ್ರಟೀಸನ ಶಿಷ್ಯ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರನೊಬ್ಬನ ಪರ ಕೂಲಿಸೈನ್ಯದ ಜತೆ ಹೋದ. ಆ ರಾಜಕುಮಾರ ಯುದ್ಧದಲ್ಲಿ ಸತ್ತ. ಆಮೇಲೆ ಸುಮಾರು ಹತ್ತು ಸಾವಿರ ಗ್ರೀಕರನ್ನು ಶತ್ರುದೇಶದ ನಡುವಿನಿಂದ ಹಿಂದಕ್ಕೆ ಕರೆತಂದ ನಾಯಕರಲ್ಲಿ ಇವನೂ ಒಬ್ಬ. ವಯಸ್ಸಾದ ಮೇಲೆ ಕುದುರೆ ಸವಾರಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಈ ವಿಷಯದಲ್ಲಿ ಪೂರ್ತಿಯಾಗಿ ಉಳಿದುಬಂದಿರುವ ಅತಿ ಹಳೆಯ ಗ್ರೀಕ್ ಕೃತಿ ಅದೇ.

ಆ ಕಾಲದ ಗ್ರೀಕರಿಗೆ ಗಟ್ಟಿ ಜೀನು ಇಲ್ಲ, ರಿಕಾಪು ಇಲ್ಲ. ಬೆನ್ನ ಮೇಲೆ ಬಟ್ಟೆ ಹಾಸಿ, ಅಥವಾ ಅದೂ ಇಲ್ಲದೆ ಕೂರಬೇಕು. ಕುದುರೆ ಜತೆ ಕುಸ್ತಿಗೆ ಬಿದ್ದರೆ ಸವಾರ ನೆಲಕ್ಕೆ ಬೀಳ್ತಾನೆ. ಕ್ಸೆನೊಫೋನ್ ಹೇಳಿದ್ದು ಇಷ್ಟು: ಕುದುರೆ ಬೇರೆ ಕುದುರೆಗಳ ಮುಂದೆ ಮೆರೆಯುವಾಗ ತಾನಾಗಿಯೇ ಕತ್ತೆತ್ತಿ, ಕಾಲೆತ್ತಿ ಬಿಂಕದಿಂದ ನಡೆಯುತ್ತೆ. ಅದನ್ನೇ ನಿಮ್ಮ ಕೆಳಗೂ ಮಾಡುವ ಹಾಗೆ ಮಾಡಿ, ಮಾಡಿದ ತಕ್ಷಣ ಲಗಾಮು ಸಡಿಲ ಬಿಡಿ. ಹೊಡೆದು ಮಾಡಿಸಿದ್ದು ಕುದುರೆಗೆ ಅರ್ಥವಾಗಿರಲ್ಲ, ನೋಡೋಕೂ ಚೆನ್ನಾಗಿರಲ್ಲ. ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದರೆ ಹೇಗಿರುತ್ತೋ ಹಾಗೆ.

ಇವನನ್ನು ಸಂತ ಮಾಡಬೇಕಾಗಿಲ್ಲ. ಮುಳ್ಳಿನಂಥ ಚೂಪು ಗಾಲಿಗಳಿರುವ ಒರಟು ಕಡಿವಾಣದ ಬಗ್ಗೆಯೂ ಇದೇ ಪುಸ್ತಕದಲ್ಲಿ ಬರೆದಿದ್ದಾನೆ. ಮೊದಲು ಒರಟಿನದು, ಆಮೇಲೆ ನುಣುಪಿನದು ಅನ್ನುವುದು ಅವನ ಲೆಕ್ಕ. ಆದರೆ ಸಡಿಲ ಬಿಡುವುದೇ ಬಹುಮಾನ ಅನ್ನುವ ತತ್ವ ಇದೆಯಲ್ಲ, ಡ್ರೆಸ್ಸೇಜ್‌ನ ಬೀಜ ಅದು. ಮುಂದಿನ ಕಥೆಯಲ್ಲಿ ಜನ ಅದನ್ನು ಮರೆತಿದ್ದಾರೆ, ಮತ್ತೆ ಕಂಡುಕೊಂಡಿದ್ದಾರೆ, ಮತ್ತೆ ಮರೆತಿದ್ದಾರೆ.

ನೇಪಲ್ಸ್‌ನಿಂದ ಪ್ಯಾರಿಸ್‌ಗೆ

ಈಗ ಹತ್ತೊಂಬತ್ತು ಶತಮಾನ ಮುಂದಕ್ಕೆ. 1550ರಲ್ಲಿ ಇಟಲಿಯ ನೇಪಲ್ಸ್‌ನ ಫೆಡರಿಕೊ ಗ್ರಿಸೋನೆ ಅನ್ನುವವನ ಸವಾರಿ ಪುಸ್ತಕ ಅಚ್ಚಾಯ್ತು, ಬೇರೆ ಬೇರೆ ಭಾಷೆಗಳಿಗೆ ಹೋಯ್ತು. ಯುರೋಪಿನ ಕಣ್ಣು ಆಗ ನೇಪಲ್ಸ್ ಮೇಲೆ. ಕಬ್ಬಿಣ ತೊಟ್ಟು ಈಟಿ ಹಿಡಿದು ನೇರ ನುಗ್ಗುವ ಯುದ್ಧದ ಕಾಲ ಮುಗಿಯುತ್ತಾ ಬಂದಿತ್ತು. ಕತ್ತಿ, ಪಿಸ್ತೂಲು ಹಿಡಿದ ಸವಾರನಿಗೆ ಗಕ್ಕನೆ ನಿಲ್ಲುವ, ನಿಂತಲ್ಲೇ ತಿರುಗುವ, ತಕ್ಷಣ ಮತ್ತೆ ಓಡುವ ಕುದುರೆ ಬೇಕಿತ್ತು. ಅಂದ್ರೆ ಪೂರ್ತಿ ನಡೆ ಬದಲಾವಣೆಯ ಮೇಲೇ ನಿಂತ ಕುದುರೆ. ಜತೆಗೆ ಅರಮನೆಗಳಲ್ಲಿ ಮೆರೆಯೋಕೂ ಅದೇ ಬೇಕು.

ಗ್ರಿಸೋನೆ ಕುದುರೆಯನ್ನು ತಟ್ಟಿ ಸವರಿ ಮೆಚ್ಚಿಸಿ ಅಂತಲೂ ಹೇಳ್ತಾನೆ. ಅದೇ ಪುಸ್ತಕದಲ್ಲಿ, ಮುಂದೆ ಹೋಗದೆ ಮೊಂಡು ಹಿಡಿದ ಕುದುರೆಯ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿ, ಕೋಲಿಗೆ ಬೆಕ್ಕು ಕಟ್ಟಿ ಹೆದರಿಸಿ ಅಂತಲೂ ಇದೆ. ಹೌದು, ಬೆಕ್ಕು. ನಡೆಯೇನೋ ಬದಲಾಗುತ್ತೆ, ಭಯಕ್ಕೆ.

ನೇಪಲ್ಸ್‌ನಲ್ಲಿ ಕಲಿತು ಫ್ರಾನ್ಸಿಗೆ ಮರಳಿದವನು ಆಂತ್ವಾನ್ ದ ಪ್ಲುವಿನೆಲ್. ರಾಜಕುಮಾರನಿಗೆ, ಅಂದ್ರೆ ಮುಂದೆ 13ನೇ ಲೂಯಿ ಆದ ಹುಡುಗನಿಗೆ, ಸವಾರಿ ಕಲಿಸಿದ. ರಾಜ ಪ್ರಶ್ನೆ ಕೇಳುವ, ಗುರು ಉತ್ತರ ಹೇಳುವ ಸಂಭಾಷಣೆಯಾಗಿ ಅವನ ಪುಸ್ತಕ ಇದೆ. ಅವನು ಸತ್ತ ಮೇಲೆ 1620ರ ದಶಕದಲ್ಲಿ ಅಚ್ಚಾಯ್ತು. ಪ್ಲುವಿನೆಲ್ ಕೇಳಿಕೊಂಡ ಪ್ರಶ್ನೆ ನನಗೆ ಇಷ್ಟ: ಈ ಕುದುರೆಗೆ ಕಷ್ಟವಾಗುತ್ತಿರೋದು ಯಾವುದು? ಪ್ರತಿ ಕುದುರೆಗೂ ಬುದ್ಧಿ ಇದೆ, ಅದನ್ನು ದಣಿಸುವ ಮೊದಲು ಅದರ ತಲೆಗೆ ಕೆಲಸ ಕೊಡಿ ಅನ್ನುವ ದಾರಿ ಅವನದು. ಬಗ್ ಎಲ್ಲಿದೆ ಅಂತ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡ್ತಾ ಕೂತರೆ ಪ್ರಯೋಜನ ಇಲ್ಲವಲ್ಲ, ಹಾಗೆ.

ಅದೇ ಶತಮಾನದಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಪರ ಹೋರಾಡಿ 1644ರಲ್ಲಿ ಸೋತ ವಿಲಿಯಂ ಕ್ಯಾವೆಂಡಿಶ್ ದೇಶ ಬಿಟ್ಟು ಆಂಟ್ವರ್ಪ್‌ಗೆ ಓಡಿಬಂದ. ಚಿತ್ರಕಾರ ರೂಬೆನ್ಸ್ ಇದ್ದ ಮನೆಯಲ್ಲಿ ಬಾಡಿಗೆಗಿದ್ದು, ಸಾಲ ಮಾಡಿಕೊಂಡು, ಕುದುರೆ ಕಲಿಸುತ್ತಾ ಕಾಲ ಕಳೆದ. 1658ರಲ್ಲಿ ದೊಡ್ಡ ಚಿತ್ರಗಳ ಪುಸ್ತಕ ತಂದ. ಕುದುರೆಯ ತಲೆ ಒಳಕ್ಕೆ ತಿರುಗಿಸಿ ವೃತ್ತದಲ್ಲಿ ನಡೆಸುವುದು ಅವನ ಮುಖ್ಯ ಪಾಠ. ಭುಜ ಸಡಿಲವಾಗುತ್ತೆ, ನಿಜ. ಆದರೆ ಸಣ್ಣ ವೃತ್ತದಲ್ಲಿ ಸುತ್ತಿ ಸುತ್ತಿ ಭಾರವೆಲ್ಲ ಮುಂದಕ್ಕೇ ಬೀಳುತ್ತೆ.

ಆ ಬಗ್ ಸರಿಪಡಿಸಿದವನು ಫ್ರಾಂಸ್ವಾ ರೊಬಿಶೋ ದ ಲಾ ಗೆರಿನಿಯೆರ್. 1730ರಿಂದ ಪ್ಯಾರಿಸ್‌ನ ಟುಯಿಲರೀಸ್ ಅರಮನೆಯ ಸವಾರಿಶಾಲೆ ನಡೆಸಿದವನು. 1733ರ ಅವನ ದೊಡ್ಡ ಪುಸ್ತಕ ಇವತ್ತಿಗೂ ಡ್ರೆಸ್ಸೇಜ್‌ನ ಮೂಲಪಠ್ಯ. ಕ್ಯಾವೆಂಡಿಶ್‌ನ ವೃತ್ತವನ್ನು ಬಿಚ್ಚಿ ಗೋಡೆಯ ಪಕ್ಕದ ನೇರ ಗೆರೆಯ ಮೇಲೆ ತಂದ. ಕುದುರೆಯ ಭುಜ ಸ್ವಲ್ಪ ಒಳಕ್ಕೆ, ಒಳಗಿನ ಹಿಂಗಾಲು ಹೊಟ್ಟೆಯಡಿಗೆ ದಾಟುವ ಹಾಗೆ, ಆದರೆ ಸಾಗುವುದು ನೇರಕ್ಕೆ. ಇಂಗ್ಲಿಷಿನಲ್ಲಿ ಶೋಲ್ಡರ್-ಇನ್ ಅಂತಾರೆ.

ಅರ್ಧ ನಿಲುಗಡೆ ಅನ್ನುವುದನ್ನೂ ಅವನು ಬಿಡಿಸಿ ವಿವರಿಸಿದ. ನಿಲ್ಲಿಸುವ ಹಾಗೆ ಕೇಳಬೇಕು, ನಿಲ್ಲುವ ಮೊದಲೇ ಬಿಟ್ಟುಬಿಡಬೇಕು. ಆ ಅರೆಕ್ಷಣದಲ್ಲಿ ಕುದುರೆ ಹಿಂಗಾಲಿನ ಮೇಲೆ ತನ್ನನ್ನು ತಾನು ಜೋಡಿಸಿಕೊಳ್ಳುತ್ತೆ. ಯಾವ ನಡೆ ಬದಲಾವಣೆಗೂ ಮೊದಲು ಇದು ಬೇಕು. ಕುದುರೆಗೆ ಕೊಡುವ ಮುನ್ಸೂಚನೆ ಅನ್ನಿ. ಕುದುರೆ ಸರಿಯಾಗಿ ಕೂಡಿಕೊಂಡಾಗ ಕೈ ಇಳಿಸಿ ಲಗಾಮು ಬಿಡಿ ಅಂತಲೂ ಹೇಳಿದ. ಕ್ಸೆನೊಫೋನ್ ಮರಳಿ ಬಂದಿದ್ದ.

ಇತಿಹಾಸ ಇಷ್ಟಪಡುವವರಿಗೆ ಇನ್ನೊಂದು ಮಾತು. ಅದೇ ಟುಯಿಲರೀಸ್ ಸವಾರಿಶಾಲೆಯ ಉದ್ದನೆಯ ಕಟ್ಟಡದಲ್ಲಿ 1789ರ ಕೊನೆಯಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಬಂದು ಕೂತಿತು. 1792ರಲ್ಲಿ ರಾಜಪ್ರಭುತ್ವ ರದ್ದಾಗಿದ್ದು, 16ನೇ ಲೂಯಿಯ ವಿಚಾರಣೆ ನಡೆದಿದ್ದು ಅಲ್ಲೇ. ರಾಜರಿಗೆ ಸವಾರಿ ಕಲಿಸಿದ ಜಾಗದಲ್ಲೇ ರಾಜನಿಗೆ ಮರಣದಂಡನೆ ತೀರ್ಮಾನವಾಯ್ತು. ಆಸ್ಥಾನವೇ ಹೋದ ಮೇಲೆ ಆಸ್ಥಾನದ ಸವಾರಿ ಎಲ್ಲಿ ಉಳಿಯುತ್ತೆ? ಉಳಿದಿದ್ದು ಮುಖ್ಯವಾಗಿ ವಿಯೆನ್ನಾದಲ್ಲಿ. ಅಲ್ಲಿನ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನ ಬಿಳಿ ಸಭಾಂಗಣ 1735ರಲ್ಲಿ ಮುಗಿದದ್ದು. ಇವತ್ತಿಗೂ ಅದೇ ಸಭಾಂಗಣದಲ್ಲಿ ಬಿಳಿ ಲಿಪಿಜಾನರ್ ಕುದುರೆಗಳಿಗೆ ಲಾ ಗೆರಿನಿಯೆರ್‌ನ ಪಾಠವೇ ನಡೆಯುತ್ತೆ.

ಸರ್ಕಸ್ಸಿನ ಗುರು, ಮೇಲಿಂದ ಬಿದ್ದ ದೀಪಗುಚ್ಛ

ಆಸ್ಥಾನ ಇಲ್ಲದ ಪ್ಯಾರಿಸ್‌ನಲ್ಲಿ ದೊಡ್ಡ ಸವಾರನಿಗೆ ಕೆಲಸ ಎಲ್ಲಿ? ಸರ್ಕಸ್ಸಿನಲ್ಲಿ. ಫ್ರಾಂಸ್ವಾ ಬೊಷೆ 1796ರಲ್ಲಿ ಹುಟ್ಟಿದವನು. ಪಾರ್ಟಿಸಾನ್ ಅನ್ನುವ, ಯಾರ ಮಾತೂ ಕೇಳಲ್ಲ ಅಂತ ಹೆಸರಾಗಿದ್ದ ಕುದುರೆಯನ್ನು ಪಳಗಿಸಿ ಸರ್ಕಸ್ಸಿನಲ್ಲಿ ತೋರಿಸಿ ಊರನ್ನೇ ಬೆರಗಾಗಿಸಿದ. ಕ್ಯಾಂಟರ್‌ನಲ್ಲಿ ಕುದುರೆ ಒಂದು ಕಡೆಯ ಕಾಲನ್ನು ಮುಂದಿಟ್ಟು ಓಡುತ್ತೆ. ಗಾಳಿಯಲ್ಲಿರುವ ಕ್ಷಣದಲ್ಲಿ ಅದನ್ನು ಎಡಬಲ ಬದಲಿಸಬಹುದು. ಪ್ರತಿ ಹೆಜ್ಜೆಗೂ ಹೀಗೆ ಬದಲಿಸಿ, ಕುಣಿಯುವ ಹಾಗೆ ಸಾಗಿಸಿ ತೋರಿಸಿದ ಹೆಗ್ಗಳಿಕೆ ಬೊಷೆಗೆ ಸಲ್ಲುತ್ತೆ. ಇವತ್ತಿನ ಒಲಿಂಪಿಕ್ ಪರೀಕ್ಷೆಯಲ್ಲಿ ಅದು ಕಡ್ಡಾಯ.

1842ರಲ್ಲಿ ಅವನ ಪುಸ್ತಕ ಬಂತು. ಕುದುರೆಯ ಸ್ವಂತ ಬಲವನ್ನು ಮೊದಲು ಮುರಿದುಹಾಕಿ, ಅದರ ಜಾಗದಲ್ಲಿ ಸವಾರ ಕೊಡುವ ಬಲವನ್ನು ಇಡಬೇಕು ಅನ್ನುವುದು ಅವನ ಆಗಿನ ವಾದ. ಕಾಲಿಂದ ತಳ್ಳು, ಅದೇ ಹೊತ್ತಿಗೆ ಕೈಯಿಂದ ತಡೆ. ಪ್ಯಾರಿಸ್ ಎರಡು ಬಣವಾಯ್ತು. ಸೈನ್ಯ ಪರೀಕ್ಷೆ ಮಾಡಿ ನೋಡಿ ಕೊನೆಗೆ ಕೈಬಿಟ್ಟಿತು. ಕುದುರೆ ಗೊಂಬೆಯಾಗುತ್ತೆ, ಮುಂದೆ ಹೋಗುವ ಆಸೆಯೇ ಸಾಯುತ್ತೆ ಅನ್ನುವುದು ವಿರೋಧಿಗಳ ಮಾತು.

1855ರಲ್ಲಿ ಸರ್ಕಸ್ಸಿನ ದೊಡ್ಡ ದೀಪಗುಚ್ಛ ಅವನ ಮೇಲೆ ಬಿತ್ತು. ಕಾಲು ಜಜ್ಜಿಹೋಯ್ತು. ಮತ್ತೆಂದೂ ಜನರ ಮುಂದೆ ಸವಾರಿ ಮಾಡಲಿಲ್ಲ. ಬದುಕಿದ್ದ ಇನ್ನೂ ಹದಿನೆಂಟು ವರ್ಷ ಅವನು ಹೊಸ ದಾರಿ ಹುಡುಕಿದ. ಅದನ್ನು ಅವನ ಎರಡನೇ ಪದ್ಧತಿ ಅಂತ ಕರೀತಾರೆ. ಅದರ ಸಾರ: ಕಾಲು ಕೇಳುವಾಗ ಕೈ ಸುಮ್ಮನಿರಲಿ, ಕೈ ಕೇಳುವಾಗ ಕಾಲು ಸುಮ್ಮನಿರಲಿ. ಆಕ್ಸಿಲರೇಟರ್, ಬ್ರೇಕ್ ಎರಡನ್ನೂ ಒಟ್ಟಿಗೆ ಒತ್ತಬೇಡಿ ಅಂತ. ಜಜ್ಜಿದ ಕಾಲೇ ಇದನ್ನು ಕಲಿಸಿತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಬಲ ಇದ್ದಾಗ ಬಲದ ಪದ್ಧತಿ, ಬಲ ಹೋದ ಮೇಲೆ ಹಗುರದ ಪದ್ಧತಿ, ಈ ಅನುಕ್ರಮ ಗಮನಿಸಿ. ಮುಂದೆ ಬೇಕಾಗುತ್ತೆ.

ಬರ್ಲಿನ್ನಿನ ಉತ್ತರ

ಬೊಷೆಯನ್ನು ಖಂಡಿಸಿದವರಲ್ಲಿ ಬರ್ಲಿನ್ನಿನ ಗುಸ್ಟಾವ್ ಸ್ಟೈನ್‌ಬ್ರೆಖ್ಟ್ ಮುಖ್ಯ. 1885ರಲ್ಲಿ ತೀರಿಕೊಂಡ ಅವನ ಟಿಪ್ಪಣಿಗಳನ್ನು ಶಿಷ್ಯ ಪುಸ್ತಕ ಮಾಡಿದ. ಹೆಸರು, ಕುದುರೆಯ ವ್ಯಾಯಾಮಶಾಲೆ ಅನ್ನುವ ಅರ್ಥದ್ದು. ಮೊದಲು ಮುಂದಕ್ಕೆ, ಮತ್ತು ನೇರವಾಗಿ, ಇದು ಅವನ ಮಂತ್ರ. ಹುಟ್ಟಿನಿಂದ ಪ್ರತಿ ಕುದುರೆಯೂ ನಮ್ಮ ಎಡಗೈ ಬಲಗೈ ಹಾಗೆ ಒಂದು ಕಡೆಗೆ ವಾಲಿರುತ್ತೆ. ವಾಲಿದ ಕುದುರೆ ನಡೆ ಬದಲಿಸಿದರೆ ಒಂದೇ ಹಿಂಗಾಲು ದುಡಿಯುತ್ತೆ, ಇನ್ನೊಂದು ತಪ್ಪಿಸಿಕೊಳ್ಳುತ್ತೆ. ಎರಡೂ ಸಮ ಬರಬೇಕಾದರೆ ವರ್ಷಗಳು ಬೇಕು.

ಜರ್ಮನ್ ಅಶ್ವದಳದ 1912ರ ಕೈಪಿಡಿ ಈ ಚಿಂತನೆಯನ್ನು ಸಾವಿರಾರು ಸಾಮಾನ್ಯ ಸೈನಿಕರಿಗೆ ತಲುಪಿಸಿತು. ಅದರ ಬೇರಿನಿಂದಲೇ 20ನೇ ಶತಮಾನದಲ್ಲಿ ತರಬೇತಿಯ ಆರು ಮೆಟ್ಟಿಲು ರೂಪುಗೊಂಡವು: ಲಯ, ಸಡಿಲತೆ, ಕೈಯೊಂದಿಗೆ ಹದವಾದ ಸಂಪರ್ಕ, ಚಿಮ್ಮು, ನೇರತನ, ಕೊನೆಗೆ ಹಿಂಗಾಲಿನ ಮೇಲೆ ಕೂಡಿಕೊಳ್ಳುವುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಪೆಂಡೆನ್ಸಿ. ಲಯ ಇಲ್ಲದೆ ಆರನೆಯದನ್ನು ಇನ್‌ಸ್ಟಾಲ್ ಮಾಡೋಕಾಗಲ್ಲ. ಮಾಡಿದ ಹಾಗೆ ಕಾಣಬಹುದು, ಮೊದಲ ನಡೆ ಬದಲಾವಣೆಯಲ್ಲೇ ಕ್ರ್ಯಾಶ್ ಆಗುತ್ತೆ.

ಅದೇ 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಡ್ರೆಸ್ಸೇಜ್ ಬಂತು. ಆಗ ಅದು ಸೈನ್ಯದ ಕುದುರೆಯ ಪರೀಕ್ಷೆ. ಸಣ್ಣ ಅಡೆತಡೆಗಳನ್ನು ಹಾರಬೇಕಿತ್ತು, ಒಂದು ಪೀಪಾಯಿಯನ್ನು ಕುದುರೆಯ ಕಡೆಗೆ ಉರುಳಿಸಿ ಹೆದರುತ್ತಾ ಅಂತ ನೋಡುತ್ತಿದ್ದರು. ಮೂರೂ ಪದಕ ಸ್ವೀಡನ್ನಿನವರಿಗೆ. ಮುಂದಿನ ನಲವತ್ತು ವರ್ಷ ಇದು ಅಧಿಕಾರಿಗಳ ಕ್ರೀಡೆಯಾಗಿಯೇ ಉಳಿಯಿತು. 1948ರ ಲಂಡನ್‌ನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ಆಮೇಲೆ ಗೊತ್ತಾಯ್ತು, ತಂಡದ ಗೆನಾಲ್ ಪೆರ್ಸನ್ ನಿಜವಾಗಿ ಅಧಿಕಾರಿಯಲ್ಲ, ಸಾರ್ಜೆಂಟ್. ಸ್ಪರ್ಧೆಗೋಸ್ಕರ ಲೆಫ್ಟಿನೆಂಟ್ ಮಾಡಿ, ಮುಗಿದ ಮೇಲೆ ಮತ್ತೆ ಇಳಿಸಿದ್ದರು. 1949ರಲ್ಲಿ ಚಿನ್ನ ವಾಪಸ್ ಪಡೆದರು. ಕುದುರೆಯ ನಡೆಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಸವಾರನ ಭುಜದ ಪಟ್ಟಿಯಲ್ಲಿ. ಮುಂದಿನ ಒಲಿಂಪಿಕ್ಸ್ ಹೊತ್ತಿಗೆ ನಿಯಮ ಬದಲಾಯ್ತು. ಸಾರ್ಜೆಂಟ್‌ಗಳೂ ಬರಬಹುದು, ಸಾಮಾನ್ಯರೂ ಬರಬಹುದು, ಹೆಂಗಸರೂ ಬರಬಹುದು.

ಹೆಲ್ಸಿಂಕಿ, 1952

ನಾನು ಈ ಸಂಚಿಕೆ ಮಾಡಿದ್ದೇ ಈ ಭಾಗಕ್ಕೋಸ್ಕರ.

ಲಿಸ್ ಹಾರ್ಟೆಲ್ ಡೆನ್ಮಾರ್ಕಿನವರು. 1943ರಲ್ಲಿ ಡ್ರೆಸ್ಸೇಜ್‌ನಲ್ಲಿ ದೇಶದ ಚಾಂಪಿಯನ್. 1944ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೊ ತಗುಲಿತು. ಮಗು ಆರೋಗ್ಯವಾಗಿ ಹುಟ್ಟಿತು. ಆದರೆ ಆಕೆಗೆ ಮಂಡಿಯ ಕೆಳಗೆ ಎರಡೂ ಕಾಲು ಸ್ವಾಧೀನ ತಪ್ಪಿದವು. ತೊಡೆ, ತೋಳು, ಕೈಗಳ ಬಲವೂ ಕುಂದಿತು. ಮತ್ತೆ ಕುದುರೆ ಹತ್ತುವ ಮಾತು ಬಿಡಿ ಅಂತ ಹೇಳಿದವರೇ ಹೆಚ್ಚು. ತೆವಳುವುದರಿಂದ ಶುರುಮಾಡಿ ಊರುಗೋಲು ಹಿಡಿದು ನಡೆದರು. ಆಮೇಲೆ ಬೇರೆಯವರು ಎತ್ತಿ ಕೂರಿಸಿದರೆ ಕುದುರೆ ಮೇಲೆ ಕೂರುವಷ್ಟಾದರು. 1947ರಲ್ಲಿ ಸ್ಕಾಂಡಿನೇವಿಯಾ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ.

ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥವಾಗಬೇಕಾದರೆ ಒಂದು ಸಂಗತಿ ನೆನಪಿರಲಿ. ಡ್ರೆಸ್ಸೇಜ್ ಸವಾರ ಕುದುರೆಗೆ ಕೇಳೋದು ಮುಖ್ಯವಾಗಿ ಮೊಣಕಾಲ ಕೆಳಗಿನ ಕಾಲಿನಿಂದ. ಮುಂದೆ ಹೋಗು, ಪಕ್ಕಕ್ಕೆ ಸರಿ, ಕ್ಯಾಂಟರ್ ಎತ್ತು, ಎಲ್ಲಕ್ಕೂ ಮೀನಖಂಡ, ಹಿಮ್ಮಡಿ. ಕೀಬೋರ್ಡ್ ಇಲ್ಲದೆ ಕೋಡ್ ಬರೀ ಅಂದ ಹಾಗೆ. ಹಾರ್ಟೆಲ್ ಬೆನ್ನನ್ನು, ಮೈಯ ಭಾರವನ್ನು ಬಳಸಿ ಕೇಳುವುದನ್ನು ತಾವೂ ಕಲಿತರು, ಜ್ಯುಬಿಲಿ ಅನ್ನುವ ತಮ್ಮ ಹೆಣ್ಣು ಕುದುರೆಗೂ ಕಲಿಸಿದರು. ಕೂತ ಭಂಗಿ ಕೂದಲೆಳೆಯಷ್ಟು ಬದಲಾದರೆ ಕುದುರೆ ನಡೆ ಬದಲಿಸಬೇಕು. ಒತ್ತಾಯ ಮಾಡುವ ಸಾಧನವೇ ಆಕೆಯ ಹತ್ತಿರ ಇರಲಿಲ್ಲ. ಕುದುರೆ ಬೇಡ ಅಂದಿದ್ದರೆ ಮುಗಿಯಿತು.

1952ರ ಹೆಲ್ಸಿಂಕಿಯಲ್ಲಿ ಗಂಡಸರ ಜತೆ ಸ್ಪರ್ಧೆಗಿಳಿದ ನಾಲ್ವರು ಮಹಿಳೆಯರಲ್ಲಿ ಹಾರ್ಟೆಲ್ ಒಬ್ಬರು. ಸ್ವೀಡನ್ನಿನ ಹೆನ್ರಿ ಸಾಂ ಸಿರ್‌ಗೆ 561 ಅಂಕ, ಚಿನ್ನ. ಹಾರ್ಟೆಲ್‌ಗೆ 541.5, ಬೆಳ್ಳಿ. ಫ್ರಾನ್ಸಿನ ಆಂದ್ರೆ ಜುಸೋಮ್‌ಗೆ 541, ಕಂಚು. ಬೆಳ್ಳಿಗೂ ಕಂಚಿಗೂ ಅರ್ಧ ಅಂಕದ ಅಂತರ. ಪದಕ ಕೊಡುವಾಗ ವೇದಿಕೆ ಹತ್ತಲು ಸಾಂ ಸಿರ್ ಆಕೆಗೆ ಆಸರೆಯಾದರು. ನಾಲ್ಕು ವರ್ಷದ ನಂತರ ಹಾರ್ಟೆಲ್ ಮತ್ತೆ ಬೆಳ್ಳಿ ಗೆದ್ದರು. ಅಂಗವೈಕಲ್ಯ ಇರುವವರಿಗೆ ಸವಾರಿ ಚಿಕಿತ್ಸೆ ಕೊಡುವ ಕೆಲಸ ಯುರೋಪಿನಲ್ಲಿ ಬೆಳೆದಿದ್ದರಲ್ಲಿ ಆಕೆಯ ಪಾತ್ರ ದೊಡ್ಡದು.

ಸ್ಫೂರ್ತಿಯ ಕಥೆಯಾಗಿ ಇದನ್ನು ಎಲ್ಲರೂ ಹೇಳ್ತಾರೆ. ನನಗೆ ಇದು ತಾಂತ್ರಿಕ ಪುರಾವೆಯಾಗಿಯೂ ಕಾಣುತ್ತೆ. ರಿಕಾಪು ಇಲ್ಲದ ಕ್ಸೆನೊಫೋನ್, ಕಾಲು ಜಜ್ಜಿಹೋದ ಬೊಷೆ, ಕಾಲೇ ಆಡದ ಹಾರ್ಟೆಲ್. ಕುದುರೆಯ ನಡೆಯನ್ನು ಸುಧಾರಿಸಲು ಬಲ ಎಷ್ಟು ಬೇಕು ಅನ್ನುವ ಪ್ರಶ್ನೆಗೆ ಹೆಲ್ಸಿಂಕಿಯಲ್ಲಿ ತೀರ್ಪುಗಾರರು ಅಂಕಿಯಲ್ಲೇ ಉತ್ತರ ಬರೆದುಕೊಟ್ಟರು.

ಮತ್ತೆ ಮರೆಯುವ ಕಾಲ?

ಉತ್ತರ ಸಿಕ್ಕಿದ ಮೇಲೆ ಕಥೆ ಮುಗಿಯಬೇಕಿತ್ತು. ಮುಗಿದಿಲ್ಲ. 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗುವ ಕೆಲವೇ ದಿನ ಮೊದಲು, ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ಸ್ಪರ್ಧೆಯಿಂದ ಹಿಂದೆ ಸರಿದರು. ಪಾಠ ಹೇಳುವಾಗ ಉದ್ದನೆಯ ಚಾವಟಿಯಿಂದ ಕುದುರೆಯ ಕಾಲಿಗೆ ಪದೇಪದೇ ಹೊಡೆಯುವ ಹಳೆಯ ವಿಡಿಯೊ ಹೊರಬಂದಿತ್ತು. ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರು. ಅಂತರರಾಷ್ಟ್ರೀಯ ಫೆಡರೇಶನ್ ಒಂದು ವರ್ಷ ನಿಷೇಧ ಹಾಕಿತು. ಕುದುರೆಯ ಗಲ್ಲವನ್ನು ಎದೆಗೆ ತಾಗುವಷ್ಟು ಬಗ್ಗಿಸಿ ತರಬೇತಿ ಕೊಡುವ ಬಗ್ಗೆಯೂ ವರ್ಷಗಳಿಂದ ಜಗಳ ನಡೀತಿದೆ. ಕುದುರೆ ಸವಾರಿ ಒಲಿಂಪಿಕ್ಸ್‌ನಲ್ಲಿ ಇರಬೇಕಾ ಅಂತಲೇ ಈಗ ಜನ ಕೇಳ್ತಿದ್ದಾರೆ.

ಒಬ್ಬರನ್ನು ಬೈದು ಸುಮ್ಮನಾಗೋದು ಸುಲಭ. ಆದರೆ ಎರಡು ವರ್ಷದ ಕೆಲಸಕ್ಕೆ ಎರಡು ತಿಂಗಳ ಡೆಡ್‌ಲೈನ್ ಕೊಟ್ಟರೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಪರ್ಧೆ ಇದೆ, ಹಣ ಇದೆ, ಮಾಲೀಕರು ಕಾಯ್ತಿದ್ದಾರೆ. ಹಿಂಗಾಲು ಬಲವಾಗಲಿ ಅಂತ ಕಾಯುವ ಬದಲು ಕಾಲು ಎತ್ತಿದ ಹಾಗೆ ಕಂಡರೆ ಸಾಕು ಅನ್ನಿಸುತ್ತೆ. ಅಲ್ಲಿಂದ ನೇಪಲ್ಸಿನ ಬೆಕ್ಕಿಗೆ ದಾರಿ ಹತ್ತಿರ.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆ ಇನ್ನು ದೂರದ್ದಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸ್ಸೇಜ್ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 1982ರ ದೆಹಲಿ ಕ್ರೀಡಾಕೂಟದ ನಂತರ ಮೊದಲ ಚಿನ್ನ. ತಂಡದ ಅನುಷ್ ಅಗರ್‌ವಾಲಾ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಡ್ರೆಸ್ಸೇಜ್‌ಗೆ ಇಳಿದ ಮೊದಲ ಭಾರತೀಯರಾದರು. ಅದಕ್ಕೂ ಮೊದಲು ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊದಲ್ಲಿ ಈವೆಂಟಿಂಗ್ ಸ್ಪರ್ಧೆಯಲ್ಲಿದ್ದರು. ಡ್ರೆಸ್ಸೇಜ್, ಕಾಡುಮೇಡಿನ ಓಟ, ಜಿಗಿತ, ಮೂರೂ ಸೇರಿದ್ದು ಅದು. ಮೊದಲ ಹಂತವಾದ ಡ್ರೆಸ್ಸೇಜ್ ಮುಗಿದಾಗ ಫವಾದ್ 9ನೇ ಸ್ಥಾನದಲ್ಲಿದ್ದರು. ಕೊನೆಗೆ 23ನೆಯವರಾದರು. ಆ ಒಂಬತ್ತನೇ ಸ್ಥಾನದ ಹಿಂದೆ ಎಷ್ಟು ಸಾವಿರ ಸಲ ನಡಿಗೆ, ಟ್ರಾಟ್, ನಡಿಗೆ ಇತ್ತು ಅಂತ ಈಗ ನಿಮಗೆ ಅಂದಾಜಾಗಬಹುದು.

ಕೊನೆಗೆ ನನ್ನ ವಿಷಯ. ಏಳನೇ ಶನಿವಾರ ಗುರುಗಳು ರಿಕಾಪಿನಿಂದ ಕಾಲು ತೆಗೆಸಿದರು. ಲಗಾಮು ಅವರೇ ಹಿಡಿದರು. ನಿಲ್ಲಬೇಕು ಅಂತ ಅನ್ನಿಸಿದಾಗ ಬರೀ ಉಸಿರು ಬಿಟ್ಟು ಭಾರವಾಗಿ ಕೂತುಕೊಳ್ಳಿ ಅಂದರು. ಇಪ್ಪತ್ತು ಸಲ ಪ್ರಯತ್ನಿಸಿದೆ. ಹತ್ತೊಂಬತ್ತು ಸಲ ಕುದುರೆ ನನ್ನ ಪಾಡಿಗೆ ನನ್ನನ್ನು ಬಿಟ್ಟು ಓಡುತ್ತಲೇ ಇತ್ತು. ಒಂದು ಸಲ ಮಾತ್ರ, ನಾನು ಕೂತೆ, ಅದೂ ಕೂತಿತು. ಬೆನ್ನು ಮೇಲೆ ಬಂತು, ಟ್ರಾಟ್ ನಡಿಗೆಯಾಯ್ತು, ನಾನು ಮುಂದಕ್ಕೆ ಬೀಳಲಿಲ್ಲ. ಗುರುಗಳು ತಕ್ಷಣ ಕುದುರೆಯ ಕುತ್ತಿಗೆ ತಟ್ಟಿ ಪಾಠ ಅಲ್ಲಿಗೇ ನಿಲ್ಲಿಸಿಬಿಟ್ಟರು. ಇನ್ನೊಂದ್ಸಲ ಮಾಡ್ಲಾ ಅಂದೆ. ಬೇಡ, ಅದು ಸರಿಯಾಗಿ ಮಾಡಿದೆ, ಅದಕ್ಕೆ ರಜೆ ಅಂದರು.

ನಿಮ್ಮಲ್ಲಿ ಯಾರಾದರೂ ಸವಾರಿ ಕಲಿತಿದ್ದರೆ, ನಿಮ್ಮ ಮೊದಲ ಸರಿಯಾದ ನಡೆ ಬದಲಾವಣೆ ಹೇಗಿತ್ತು ಬರೆಯಿರಿ. ಮುಂದಿನ ವಾರ ಮತ್ತೆ ಸಿಗೋಣ.